ಕಪಾಟಿನ ಬಾಕಿ: ನಾವು ಎಂಟು ಜನ ಓದಲು ಕೂತ ಕತೆ

(ಜೂನ್ 19ರ ವಾಚನ ದಿನ ಕಾಸರಗೋಡಿನ ಒಂದು ಗ್ರಾಮ ಗ್ರಂಥಾಲಯದಲ್ಲಿ ಯುವ ಗೆಳೆಯರ ಮುಂದೆ ಆಡಿದ ಮಾತು. ಪೇಜಿನ ಓದುಗರಿಗಾಗಿ ಅಲ್ಲಲ್ಲಿ ತಿದ್ದಿ ಬರೆದಿದ್ದೇವೆ.)



ಹೊರಗೆ ಮಳೆ ಹೊಡೆಯುತ್ತಾ ಉಂಟು, ಮೈಕ್ ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ. ಹಾಗಾಗಿ ವಿಷಯ ಮೊದಲೇ ಹೇಳಿಬಿಡುತ್ತೇವೆ. ಓದಬೇಕು, ಓದಿದರೆ ಒಳ್ಳೆಯದು ಅಂತ ಉಪದೇಶ ಮಾಡಲಿಕ್ಕೆ ನಾವು ಬಂದದ್ದಲ್ಲ. ಅದನ್ನು ಒಂದನೇ ಕ್ಲಾಸಿನಿಂದ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ನಾವು ಹೇಳುವುದು ದುಡ್ಡು ಕೊಟ್ಟು ಕೊಂಡು, ಮನೆಗೆ ತಂದು, ಕಪಾಟಿನಲ್ಲಿಟ್ಟು, ಆಮೇಲೆ ಓದದೇ ಬಿಟ್ಟ ಪುಸ್ತಕಗಳ ಸಂಗತಿ.

ಕೇರಳದಲ್ಲಿ ಇವತ್ತು ವಾಚನ ದಿನ. ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಹೋದ ದಿನ. 1945ರಲ್ಲಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿ, ಊರೂರು ತಿರುಗಿ ವಾಚನಾಲಯಗಳನ್ನು ಒಂದು ದಾರದಲ್ಲಿ ಪೋಣಿಸಿದ ಮನುಷ್ಯ ಅವರು. ಈಗ ನಾವು ಕೂತಿರುವಂಥ ಕೋಣೆ ಹಳ್ಳಿಹಳ್ಳಿಯಲ್ಲಿ ಇರುವುದರ ಹಿಂದೆ ಆ ತಿರುಗಾಟ ಉಂಟು. ಕನ್ನಡದವರಾದ ನಾವು ಕೇರಳದಿಂದ ಕಲಿಯಬೇಕಾದದ್ದು ಏನಾದರೂ ಇದ್ದರೆ ಇದೇ ಮೊದಲನೆಯದು. ಹೀಗೆ ಹೇಳಿದರೆ ನಮ್ಮವರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ನಾವು ಎಂದರೆ ಯಾರು ಅಂತ ಕೇಳಬಹುದು. ಒಟ್ಟು ಎಂಟು ಜನ. ಇಬ್ಬರು ಬ್ಯಾಂಕ್ ಕ್ಲರ್ಕುಗಳು, ಒಂದೇ ಶಾಖೆ, ಪಕ್ಕ ಪಕ್ಕದ ಕೌಂಟರ್. ಬಿಕಾಂ ಮಾಡಿದವರು, ಸಾಹಿತ್ಯ ಪಾಠ ಕೇಳಿದ್ದು ಪರೀಕ್ಷೆಗೆ ಬೇಕಾದಷ್ಟೇ. ಒಬ್ಬರು ನಿವೃತ್ತ ಟೀಚರ್. ಬೀಡಿ ಕಟ್ಟುವ ಒಬ್ಬ ಅಕ್ಕ. ಅಡಿಕೆ ತೋಟ ನೋಡಿಕೊಳ್ಳುವವರು ಒಬ್ಬರು, ರಿಕ್ಷಾ ಓಡಿಸುವವರು ಒಬ್ಬರು, ಗಲ್ಫಿನಿಂದ ಬಂದು ಅಂಗಡಿ ಹಾಕಿದವರು ಒಬ್ಬರು. ಮತ್ತೆ ನರ್ಸಿಂಗ್ ಓದುತ್ತಿರುವ ಒಬ್ಬಳು ಹುಡುಗಿ. ಸಂಘ ಅಲ್ಲ, ಅಧ್ಯಕ್ಷರಿಲ್ಲ, ಬ್ಯಾನರ್ ಇಲ್ಲ. ಬ್ಯಾಂಕಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಆದದ್ದರಿಂದ ನಾವು ಸೇರುವುದು ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ.

ಶುರುವಾದದ್ದು ಒಂದು ಸುಳ್ಳಿನಿಂದ. ಅದನ್ನು ಹೇಳದೆ ಮುಂದೆ ಹೋದರೆ ಸರಿಯಾಗುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಶಾಖೆಯಲ್ಲಿ ಊಟದ ಹೊತ್ತು. ನೀಲೇಶ್ವರದ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ನಾವು ಚೇಟ ಅಂತ ಕರೆಯುವುದು. ಬುತ್ತಿ ಬಿಚ್ಚುತ್ತಾ ಕೇಳಿದರು: "ನೀವಿಬ್ಬರೂ ಕನ್ನಡದವರಲ್ಲವಾ? ನಿಮ್ಮ ನಿರಂಜನ ನಮ್ಮ ಕಯ್ಯೂರಿನ ಬಗ್ಗೆ ಬರೆದದ್ದುಂಟಲ್ಲ, ಅದು ಕನ್ನಡದಲ್ಲಿ ಹೇಗುಂಟು? ನಾನು ಮಲಯಾಳದಲ್ಲಿ ಮಾತ್ರ ಓದಿದ್ದು."

'ಚಿರಸ್ಮರಣೆ' ನಮ್ಮಿಬ್ಬರ ಮನೆಯಲ್ಲೂ ಇತ್ತು. ಒಬ್ಬರು ಒಂಬತ್ತು ವರ್ಷದ ಹಿಂದೆ ಮಂಗಳೂರಿನಲ್ಲಿ ಕೊಂಡದ್ದು. ಇನ್ನೊಬ್ಬರಿಗೆ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಸಿಕ್ಕಿದ್ದು, ಅದೂ ಗಡಿನಾಡ ಕನ್ನಡದ ಬಗ್ಗೆ ಗಂಟಲು ಹರಿಯುವ ಹಾಗೆ ಭಾಷಣ ಮಾಡಿದ್ದಕ್ಕೆ! ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಚೆನ್ನಾಗುಂಟು ಚೇಟ, ತುಂಬಾ ಚೆನ್ನಾಗುಂಟು" ಅಂದೆವು. ಅವರು ಮುಂದಿನ ಪ್ರಶ್ನೆ ಕೇಳುವ ಮೊದಲೇ ಕೈ ತೊಳೆಯಲು ಎದ್ದೆವು.

ಕಯ್ಯೂರು ನಮ್ಮದೇ ಜಿಲ್ಲೆಯ ಊರು. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆ, ಹೊಳೆಗೆ ಹಾರಿದ ಪೊಲೀಸನ ಸಾವು, ಕೇಸು, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕತೆಯನ್ನು ಕಾದಂಬರಿ ಮಾಡಿದ್ದು ಕನ್ನಡದವರು. ಅದನ್ನು ಮಲಯಾಳಿಗಳು ಅನುವಾದ ಮಾಡಿಕೊಂಡು ಓದಿದ್ದಾರೆ. ಮೂಲ ನಮ್ಮ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕೂತಿತ್ತು. ಅವತ್ತು ಸಂಜೆ ಕ್ಯಾಶ್ ತಾಳೆ ನೋಡುವಾಗಲೂ ಅದೇ ತಲೆಯಲ್ಲಿ. ಯಾರೂ ನಮ್ಮನ್ನು ಬೈದಿರಲಿಲ್ಲ, ಅವಮಾನ ಮಾಡಿರಲಿಲ್ಲ. ಆದರೂ ನಾಚಿಕೆ ಆಯಿತು ಮಾರಾಯ್ರೆ.

ಇಷ್ಟು ಪುಸ್ತಕ ಓದದೆ ಉಳಿಯುವುದು ಹೇಗೆ? ಗಡಿಯ ಈಚೆಗೆ ಇರುವವರಿಗೆ ಇದರ ಕಾರಣ ಸ್ವಲ್ಪ ಬೇರೆ. ನಮ್ಮ ಪೇಟೆಯಲ್ಲಿ ಕನ್ನಡ ಪುಸ್ತಕ ಬೇಕೆಂದಾಗ ಸಿಗುವುದಿಲ್ಲ. ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕು. ವರ್ಷಕ್ಕೆ ಎರಡು ಸಲ ಹೋಗುವುದು, ಹೋದಾಗ ಬರಗಾಲ ಬರುತ್ತದೇನೋ ಎನ್ನುವ ಹಾಗೆ ಚೀಲ ತುಂಬಿಸುವುದು. ನವೆಂಬರಿನಲ್ಲಿ ರಿಯಾಯಿತಿ ಮಾರಾಟ ಬೇರೆ. ಅರ್ಧ ಬೆಲೆಗೆ ಸಿಕ್ಕಿತೆಂದು ತಂದ ಪುಸ್ತಕವನ್ನು ಪೂರ್ತಿ ಓದಬೇಕೆಂದು ಯಾರಿಗೂ ಅನಿಸುವುದಿಲ್ಲ, ಗಮನಿಸಿ ಬೇಕಾದರೆ. ಸಮ್ಮೇಳನಕ್ಕೆ ಹೋದರೆ ಮಳಿಗೆ. ಸನ್ಮಾನ ಆದರೆ ಶಾಲು, ಹಣ್ಣಿನ ಬುಟ್ಟಿ, ಜೊತೆಗೊಂದು ಪುಸ್ತಕ. ಹಣ್ಣು ಮಾತ್ರ ಮರುದಿನಕ್ಕೆ ಮುಗಿಯುತ್ತದೆ. ಇನ್ನು ಪರಿಚಯದ ಲೇಖಕರ ಪುಸ್ತಕ ಬಿಡುಗಡೆ. ಅಲ್ಲಿ ದಾಕ್ಷಿಣ್ಯ. ಊರಿನ ಒಬ್ಬ ಕವಿ ನಮ್ಮ ಶಾಖೆಯ ಖಾತೆದಾರರು. ವಿದ್‌ಡ್ರಾವಲ್ ಸ್ಲಿಪ್ ಕೊಡುವಾಗಲೆಲ್ಲ ಮೆಲ್ಲ ಕೇಳುತ್ತಾರೆ, "ಪುಸ್ತಕ ನೋಡಿದಿರಾ?" "ಓದುತ್ತಾ ಇದ್ದೇವೆ ಸಾರ್." ನಾಲ್ಕು ವರ್ಷ ಇದೇ ಉತ್ತರ ಕೊಟ್ಟೆವು. ಅವರ ಸಂಕಲನದಲ್ಲಿ ಇರುವುದು 42 ಕವನ!

ಇದರ ಒಳಗೊಂದು ಕಹಿ ಸತ್ಯವೂ ಉಂಟು. ಪುಸ್ತಕ ಕೊಂಡಾಗ ಕನ್ನಡದ ಕೆಲಸ ಮುಗಿಯಿತು ಎಂದು ನಮಗೆ ಅನಿಸಿಬಿಡುತ್ತದೆ. ಧ್ವಜ ಹಿಡಿದದ್ದಾಯಿತು, ಮನವಿಗೆ ಸಹಿ ಹಾಕಿದ್ದಾಯಿತು, ಪುಸ್ತಕ ಕೊಂಡದ್ದಾಯಿತು. ಅದನ್ನು ತೆರೆದು ನೋಡುವುದು ಯಾರೂ ಕಾಣದ ಕೆಲಸ, ಅದಕ್ಕೆ ಫೋಟೋ ಇಲ್ಲ. ಸೊಲ್ಲಾಪುರದ ಒಬ್ಬ ಗೆಳೆಯರು ಫೋನಿನಲ್ಲಿ ಹೇಳಿದ್ದು ನೆನಪಾಗುತ್ತದೆ. ಅವರ ಮನೆಯಲ್ಲಿ ಜಯದೇವಿತಾಯಿ ಲಿಗಾಡೆಯವರ 'ಸಿದ್ಧರಾಮ ಪುರಾಣ' ಉಂಟಂತೆ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ತಾಯಿ, ಆ ಪೀಠಕ್ಕೆ ಏರಿದ ಮೊದಲ ಹೆಂಗಸು, ಸೊಲ್ಲಾಪುರದವರೇ. "ದೇವರ ಜಗಲಿ ಮ್ಯಾಲ ಇಟ್ಟೀವ್ರಿ. ದಿನಾ ಪೂಜಿ ಆಗ್ತದ, ಓದೂದು ಮಾತ್ರ ಆಗಿಲ್ಲ" ಎಂದರು. ನಾವಿಬ್ಬರೂ ನಕ್ಕೆವು. ನಗುವ ಹಕ್ಕು ನಮಗಿರಲಿಲ್ಲ.

ಸರಿ, ಏನು ಮಾಡುವುದು? ಬ್ಯಾಂಕಿನವರಿಗೆ ಗೊತ್ತಿರುವುದು ಒಂದೇ, ಮೊದಲು ಲೆಕ್ಕ ಹಾಕುವುದು. ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ನಾವು ಅದನ್ನು ಎನ್‌ಪಿಎ ಎಂದು ಬರೆಯುತ್ತೇವೆ. ಆ ಲೆಕ್ಕದಲ್ಲಿ ನಮ್ಮ ಕಪಾಟು ಪೂರ್ತಿ ಎನ್‌ಪಿಎ. ನಾವಿಬ್ಬರು ಪರಿಚಯದವರನ್ನು ಕೇಳಿದೆವು, ಎಂಟು ಜನ ಆದೆವು. ಮೊದಲ ಶನಿವಾರ ಯಾರೂ ಯಾವ ಪುಸ್ತಕದ ಬಗ್ಗೆಯೂ ಮಾತಾಡಲಿಲ್ಲ. ಮನೆಯಲ್ಲಿರುವ, ಓದದ ಕನ್ನಡ ಪುಸ್ತಕ ಎಷ್ಟು ಎಂದು ಎಣಿಸಿ ತರಬೇಕು, ಅಷ್ಟೇ.

ಕ್ಲರ್ಕುಗಳದ್ದು 64 ಮತ್ತು 38. ತೋಟದವರದ್ದು 83, ಮೂರು ತಲೆಮಾರಿನ ಬಾಕಿ. ಅಂಗಡಿಯವರದ್ದು 57. ನರ್ಸಿಂಗ್ ಹುಡುಗಿಯ ಮನೆಯಲ್ಲಿ ಅಪ್ಪ ತಂದಿಟ್ಟದ್ದು 34. ಟೀಚರಿಗೆ 9. ಬೀಡಿ ಅಕ್ಕನಿಗೆ 2. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಆರಂಭಿಕ ಶಿಲ್ಕು ಎಂದು ಬರೆದು ಕೂಡಿಸಿದೆವು: 287.

ರಿಕ್ಷಾದ ಅಣ್ಣನ ಹೆಸರಿನ ಮುಂದೆ ಖಾಲಿ ಇತ್ತು. ಕೇಳಿದರೆ, "ಸೊನ್ನೆ ಬರೆಯಿರಿ" ಎಂದರು. ಅವರ ಅಜ್ಜ ತಾಳಮದ್ದಳೆ ಅರ್ಥಧಾರಿ. ಒಂದು ಕಬ್ಬಿಣದ ಪೆಟ್ಟಿಗೆ ತುಂಬಾ ಯಕ್ಷಗಾನ ಪ್ರಸಂಗಗಳು, ಜೈಮಿನಿ ಭಾರತ, ಹಳೆಯ ಮಾಸಪತ್ರಿಕೆಗಳು, ಅಂಚಿನಲ್ಲಿ ಅಜ್ಜನ ಕೈಬರಹದ ಟಿಪ್ಪಣಿ. ಹೆದ್ದಾರಿ ಅಗಲ ಮಾಡುವಾಗ ಮನೆ ಹೋಯಿತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ಇಟ್ಟುಕೊಂಡು ಪುಸ್ತಕವನ್ನು ಗುಜರಿಯವನಿಗೆ ಕೊಟ್ಟರು. ಕಿಲೋಕ್ಕೆ 12 ರೂಪಾಯಿಯ ಹಾಗೆ 31 ಕಿಲೋ. 372 ರೂಪಾಯಿ. "ಆಗ ಒಂದೂ ಬಿಡಿಸಿ ನೋಡಿರಲಿಲ್ಲ. ಈಗ ತಾಳಮದ್ದಳೆಗೆ ಹೋದಾಗ ಯಾರಾದರೂ ಒಂದು ಪದ್ಯಕ್ಕೆ ಅರ್ಥ ಹೇಳಿದರೆ, ಇದಕ್ಕೆ ಅಜ್ಜ ಎಂತ ಬರೆದಿಟ್ಟಿದ್ದರೋ ಅಂತ ಅನಿಸುತ್ತದೆ" ಅಂದರು. ಅವರು ನಮ್ಮಲ್ಲಿ ಯಾರ ಪುಸ್ತಕವನ್ನಾದರೂ ಎರವಲು ಒಯ್ದು ಓದಬಹುದು ಎಂದಾಯಿತು. ಅವತ್ತು ಆ ಸೊನ್ನೆಯ ಮುಂದೆ ನಮ್ಮ 287 ದೊಡ್ಡದಾಗಿ ಕಾಣಲಿಲ್ಲ.

ಮೊದಲ ಮೂರು ತಿಂಗಳು ನಾವು ಮಾಡಿದ್ದೆಲ್ಲ ತಪ್ಪು. ವಾಟ್ಸಾಪ್ ಗುಂಪು ಮಾಡಿ, ದಿನಾ ರಾತ್ರಿ ಎಷ್ಟು ಪುಟ ಓದಿದಿರಿ ಎಂದು ಹಾಕಬೇಕು ಅಂತ ನಿಯಮ ಮಾಡಿದೆವು. ಬ್ಯಾಂಕಿನ ಟಾರ್ಗೆಟ್ ಬುದ್ಧಿ, ಬೇರೆ ಎಂತ! ಒಬ್ಬರು 22, ಒಬ್ಬರು 35. ಹೆಬ್ಬೆರಳಿನ ಚಿತ್ರ, ಚಪ್ಪಾಳೆಯ ಚಿತ್ರ. ಮೂರನೇ ವಾರ ಅಂಗಡಿಯವರು ಒಪ್ಪಿಕೊಂಡರು: ಹಿಂದಿನ ರಾತ್ರಿ 40 ಪುಟ ಎಂದು ಹಾಕಿದ್ದು ಪುಸ್ತಕ ಮುಟ್ಟದೆಯೇ. ಹುಡುಗಿ ಗುಂಪಿನಲ್ಲಿ ಮಾತೇ ನಿಲ್ಲಿಸಿದ್ದಳು. ತೋಟದವರು ಎರಡು ಶನಿವಾರ ಬರಲಿಲ್ಲ. ಪ್ರೋತ್ಸಾಹ ಅಂತ ಶುರು ಮಾಡಿದ್ದು ಹಾಜರಿ ಪುಸ್ತಕ ಆಗಿತ್ತು.

ಸರಿ ಮಾಡಿದ್ದು ಟೀಚರ್. ಅವರು ಯಾರಿಗೂ ಎಷ್ಟು ಪುಟ ಆಯಿತು ಎಂದು ಕೇಳುವುದಿಲ್ಲ. ತೋಟದವರು ಕಾರಂತರ 'ಚೋಮನ ದುಡಿ' ಹಿಡಿದಿದ್ದರು. ದೊಡ್ಡ ಪುಸ್ತಕ ಅಲ್ಲವೇ ಅಲ್ಲ, ಆದರೆ ಎರಡು ತಿಂಗಳಿನಿಂದ ಕೈಯಲ್ಲೇ ಇತ್ತು. ಟೀಚರ್ ದಾರಿಯಲ್ಲಿ ಸಿಕ್ಕಿದಾಗ ಕೇಳಿದರು, "ಚೋಮ ಈಗ ಎಲ್ಲಿದ್ದಾನೆ? ಬೆಳ್ಳಿ ತೋಟಕ್ಕೆ ಹೊರಟಳಾ?" ಅಷ್ಟೇ. ಪರಿಚಯದ ಮನೆಯವರ ಸುದ್ದಿ ಕೇಳಿದ ಹಾಗೆ. ಅವರಿಗೆ ಉತ್ತರ ಹೇಳಲಿಕ್ಕಾದರೂ ಅವತ್ತು ರಾತ್ರಿ ಓದಿದೆ ಎಂದು ತೋಟದವರು ಆಮೇಲೆ ಹೇಳಿದರು. ಎರಡೇ ರಾತ್ರಿಯಲ್ಲಿ ಮುಗಿಯಿತು. ಮುಗಿಸಿ ಬಂದ ಶನಿವಾರ ಅವರು ಹೇಳಿದ್ದು ಕೇಳಿ: "ಕಾಫಿ ತೋಟದ ಸಾಲ ತೀರಿಸಲಿಕ್ಕೆ ಅವನ ಮನೆಯೇ ಒಂದೊಂದಾಗಿ ಹೋಯಿತು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರ ಲೆಕ್ಕ ಅಪ್ಪ ಬರೆದಿಟ್ಟ ಹಳೆ ಪುಸ್ತಕ ಉಂಟು. ಅದನ್ನು ತೆಗೆದು ನೋಡಿದೆ. ಓದಿದ ಮೇಲೆ ನಿದ್ದೆ ಬರಲಿಲ್ಲ." ಕಾರಂತರು ಅದನ್ನು ಬರೆದದ್ದು 1933ರಲ್ಲಿ. ಆ ಕಪಾಟಿಗೆ ಅದು ಬಂದದ್ದು ಅವರ ಅಜ್ಜನ ಕಾಲದಲ್ಲಿ. ಅಷ್ಟು ವರ್ಷ ಆ ಪ್ರಶ್ನೆ ಅವರ ಮನೆಯೊಳಗೇ ಮುಚ್ಚಿಕೊಂಡು ಕೂತಿತ್ತು.

ಆಮೇಲೆ ನಾವು ಪುಟದ ಲೆಕ್ಕ ಬಿಟ್ಟೆವು. ಈಗ ಗುಂಪಿನಲ್ಲಿ ಕೇಳುವುದು ಟೀಚರ್ ಕೇಳಿದ ಹಾಗೆ, ಅವನು ಎಲ್ಲಿಗೆ ಬಂದ, ಅವಳು ಎಂತ ಹೇಳಿದಳು ಎಂದು. ಉತ್ತರಕ್ಕೆ ಒಂದು ವಾಕ್ಯ ಸಾಕು. ಧ್ವನಿಯಲ್ಲಿ ಹಾಕಿದರೂ ಆದೀತು. ಏನೂ ಓದದಿದ್ದರೆ ಓದಲಿಲ್ಲ ಎನ್ನಬಹುದು, ಅದಕ್ಕೆ ಯಾರೂ ಕಾರಣ ಕೇಳುವಂತಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮಿಬ್ಬರದ್ದು ಹೆಚ್ಚಾಗಿ ಅದೇ ಉತ್ತರ, ವರ್ಷಾಂತ್ಯದ ಕೆಲಸ ನಿಮಗೆ ಗೊತ್ತಲ್ಲ.

ಈಗ ಆ ಹುಡುಗಿಯ ವಿಷಯ. ಅವಳು ಇಲ್ಲೇ ಕೂತಿದ್ದಾಳೆ, ಹೇಳಬಹುದು ಎಂದು ಒಪ್ಪಿಗೆ ಕೊಟ್ಟಿದ್ದಾಳೆ.

ಮನೆಯಲ್ಲಿ ಕನ್ನಡ, ತುಳು. ಓದಿದ್ದು ಮಲಯಾಳ ಮಾಧ್ಯಮ, ಆಮೇಲೆ ಇಂಗ್ಲಿಷ್. ಕನ್ನಡ ಅಕ್ಷರ ಅಪ್ಪ ಹೇಳಿಕೊಟ್ಟದ್ದು, ಬಸ್ಸಿನ ಬೋರ್ಡು ಓದುವಷ್ಟು. ನಮ್ಮ ಗುಂಪಿನಲ್ಲಿ ಪುಟದ ಲೆಕ್ಕ ನಡೆಯುತ್ತಿದ್ದಾಗ ಅವಳಿಗೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಷರದ ಕೆಳಗೆ ನೇತಾಡುವ ಒತ್ತಕ್ಷರ ಬಂದರೆ ನಿಂತುಬಿಡುವುದು. ನಾಚಿಕೆಗೆ ಹೇಳಿರಲಿಲ್ಲ. ಇಲ್ಲಿ ನಿಮ್ಮಲ್ಲೂ ಅಂಥವರು ಇದ್ದೀರಿ, ಕೈ ಎತ್ತುವುದು ಬೇಡ. ಕನ್ನಡ ಮಾತಾಡಲು ಬಂದು ಓದಲು ಬಾರದಿರುವುದು ನಿಮ್ಮ ತಪ್ಪಲ್ಲ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಕೂತರೆ ಆ 34 ಪುಸ್ತಕದ ಗತಿ ರಿಕ್ಷಾದಣ್ಣನ ಅಜ್ಜನ ಪೆಟ್ಟಿಗೆಯ ಗತಿಯೇ. ಅಪ್ಪನ ನಂತರ ಆ ಮನೆಯಲ್ಲಿ ಅದನ್ನು ಓದುವವರು ಯಾರು?

ಅವಳು ಆರಿಸಿದ್ದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಕಾರಣ ಸರಳ: ಚಿಕ್ಕ ಪುಸ್ತಕ, ಮತ್ತು ಅವಳ ಬಸ್ಸು ದಿನಾ ಚಂದ್ರಗಿರಿ ಸೇತುವೆ ದಾಟುತ್ತದೆ. ಸಾರಾ ಅವರು ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲೇ, 1936ರಲ್ಲಿ. ಕನ್ನಡ ಶಾಲೆಗೆ ಹೋದ ಮುಸ್ಲಿಂ ಹುಡುಗಿಯರು ಬೆರಳೆಣಿಕೆಯಷ್ಟಿದ್ದ ಕಾಲ. ಮದುವೆಯಾಗಿ ಮಂಗಳೂರಿಗೆ ಹೋದವರು, ಅಲ್ಲಿದ್ದು ಬರೆದದ್ದು ಈ ಹೊಳೆಯ ಬದಿಯ ಕತೆಯನ್ನು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು, ಪುಸ್ತಕ ಓದಿದ್ದವರು ಟೀಚರ್ ಒಬ್ಬರೇ.

ಏರ್ಪಾಡು ಹೀಗೆ ಮಾಡಿದೆವು. ಪ್ರತಿ ಶನಿವಾರ ಅವಳು ಒಂದು ಪುಟ ಗಟ್ಟಿಯಾಗಿ ಓದಬೇಕು. ತಡವರಿಸಿದರೆ ಯಾರೂ ಬಾಯಿ ಹಾಕಬಾರದು. ಇದು ಎಷ್ಟು ಕಷ್ಟ ಗೊತ್ತಾ? ನಮಗೆ ಗೊತ್ತಿರುವ ಶಬ್ದವನ್ನು ಇನ್ನೊಬ್ಬರು ಹುಡುಕುವಾಗ ನಾಲಿಗೆ ತಡೆಯುವುದಿಲ್ಲ. ಅಂಗಡಿಯವರು ಬಾಯಿಗೆ ಕರ್ಚೀಫ್ ಹಿಡಿದು ಕೂರುತ್ತಿದ್ದರು. ಉಳಿದ ದಿನ ಅವಳು ಬಸ್ಸಿನಲ್ಲಿ ಓದುವುದು, ನಿಂತುಹೋದ ಶಬ್ದಕ್ಕೆ ಪೆನ್ಸಿಲ್ ಗೆರೆ. ಮೊದಲ ಪುಟದಲ್ಲಿ ಮೂವತ್ತಕ್ಕೂ ಹೆಚ್ಚು ಗೆರೆ ಇತ್ತು. ಆರನೇ ತಿಂಗಳಿನಲ್ಲಿ ಒಂದು ಪುಟವನ್ನು ಎಲ್ಲಿಯೂ ನಿಲ್ಲದೆ ಓದಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಅವಳು ಓದಿದ ಭಾಗ ಹಾಗಿತ್ತು: ನಾದಿರಾಳನ್ನು ಅಪ್ಪ ತನ್ನ ಹಟಕ್ಕೆ ಗಂಡನಿಂದ ಬೇರೆ ಮಾಡಿದ್ದಾನೆ, ತಲಾಖ್ ಆಗಿದೆ, ಈಗ ಅದೇ ಗಂಡನ ಬಳಿಗೆ ಮರಳಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕು. ಹುಡುಗಿ ಪುಸ್ತಕ ಮಡಚಿ ಕೇಳಿದಳು, "ಇಷ್ಟು ಜನ ಸೇರಿ ತೀರ್ಮಾನ ಮಾಡ್ತಾರಲ್ಲ, ಅವಳ ಹತ್ರ ಕೇಳಿದವರು ಯಾರು?"

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬೀಡಿ ಅಕ್ಕ, "ನನ್ನ ಹತ್ರವೂ ಯಾರೂ ಕೇಳಲಿಲ್ಲ ಮಗಳೇ" ಎಂದರು. ಅವರ ಜಾತಿ ಬೇರೆ, ಕತೆ ಬೇರೆ. ಅವತ್ತು ನಾವು ಮನೆಗೆ ಹೊರಡುವಾಗ ಕತ್ತಲೆಯಾಗಿತ್ತು.

ಎಂಟು ತಿಂಗಳಿಗೆ ಮುಗಿಸಿದಳು. ಎರಡನೇ ಪುಸ್ತಕಕ್ಕೆ ಮೂರು ತಿಂಗಳು. ಈಗ ಐದನೆಯದ್ದು ನಡೆಯುತ್ತಾ ಉಂಟು.

ಅಕ್ಕನ ಎರಡು ಪುಸ್ತಕದ ಬಗ್ಗೆಯೂ ಹೇಳಬೇಕು. ಒಂದು, ಕುಟುಂಬಶ್ರೀಯವರು ಸನ್ಮಾನ ಮಾಡಿದಾಗ ಕೊಟ್ಟದ್ದು, ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕತೆ 'ದುಡಿತವೇ ನನ್ನ ದೇವರು'. ಹೆಸರು ನೋಡಿ ಅಕ್ಕ, "ಇದು ನನಗೇ ಬರೆದದ್ದು" ಎಂದು ತಮಾಷೆ ಮಾಡುತ್ತಿದ್ದರು, ಓದಲಿಕ್ಕೆ ಕೈ ಬಿಡುವಿಲ್ಲ. ಅವರ ಮಗಳು ಓದಿ ಹೇಳಿದಳು. ಕೈ ಬೀಡಿಗೆ, ಕಿವಿ ಕತೆಗೆ. ಇದು ಹೊಸತೇನೂ ಅಲ್ಲ ನೋಡಿ. ಕಣ್ಣೂರಿನಲ್ಲಿ 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದ ಶೆಡ್ಡುಗಳಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ಬೀಡಿ ಸುತ್ತುತ್ತಾ ಕೇಳುವುದು, ಓದಿದವರ ಪಾಲಿನ ಬೀಡಿಯನ್ನು ಬಾಕಿಯವರು ಸುತ್ತಿ ಕೊಡುವುದು ರೂಢಿಯಾಗಿತ್ತು. ನಮ್ಮ ಹಳೆ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಒಬ್ಬರು ಜೈಮಿನಿ ಭಾರತವೋ ತೊರವೆ ರಾಮಾಯಣವೋ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ಬಾಗಿಲು ಹಾಕಿ ಒಬ್ಬರೇ ಕೂತು ಓದಬೇಕೆನ್ನುವುದು ನಮ್ಮ ಕಡೆಗೆ ಬಂದದ್ದು ಆಮೇಲೆ. ಒಬ್ಬರಿಗೇ ಓದಲು ಆಗದಿದ್ದರೆ ಸೇರಿ ಓದಿ, ಅದರಲ್ಲಿ ಸಣ್ಣತನವೇನಿಲ್ಲ. ಕಯ್ಯಾರರು 2015ರಲ್ಲಿ ನೂರು ತುಂಬಿ ಹೋದವರು. ಅಧ್ಯಾಪಕ, ಕೃಷಿಕ, ಕವಿ, ಹೋರಾಟಗಾರ. ಅಕ್ಕನಿಗೆ ಅದರಲ್ಲಿ ಹಿಡಿಸಿದ್ದು ಹೋರಾಟದ ಭಾಗ ಅಲ್ಲ, ಗದ್ದೆ ತೋಟದ ಕೆಲಸದ ಭಾಗ.

ಎಲ್ಲವನ್ನೂ ಓದಲೇಬೇಕೆಂದು ಹಟ ಇಲ್ಲ. 50 ಪುಟ ಓದಿ ಹಿಡಿಸದಿದ್ದರೆ ಬಿಡಬಹುದು, ಯಾಕೆ ಬಿಟ್ಟೆ ಎಂದು ಎಲ್ಲರ ಮುಂದೆ ಹೇಳಬೇಕು ಅಷ್ಟೇ. ಬಿಟ್ಟದ್ದನ್ನು ಸುಮ್ಮನೆ ಶಾಲೆಗೆ ದಾನ ಮಾಡಿ ಕೈ ತೊಳೆಯುವುದೂ ಇಲ್ಲ. ನಮಗೆ ಬೇಡವಾದದ್ದನ್ನು ಮಕ್ಕಳ ತಲೆಗೆ ಕಟ್ಟಿ ಪುಣ್ಯ ಬಂತು ಎಂದರೆ ಹೇಗೆ? ಯಾರಿಗೆ ಆಗಬಹುದು ಎಂದು ಒಂದು ಚೀಟಿ ಬರೆದು, ಆ ಜನ ಹುಡುಕಿ ಕೊಡುತ್ತೇವೆ. ಒಬ್ಬ ಕ್ಲರ್ಕಿನ ಕಪಾಟಿನಲ್ಲಿ ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಒಂದು ಪುಸ್ತಕ ಇತ್ತು, ಯಾವುದೋ ಕ್ವಿಜ್ಜಿನ ಬಹುಮಾನ. ತೋಟದವರು ಅದನ್ನು ಕಾದಂಬರಿಗಿಂತ ಬೇಗ ಓದಿ ಮುಗಿಸಿದರು!

ಮತ್ತೆ ನಮ್ಮ ಖಾತೆದಾರ ಕವಿ. ಕೊನೆಗೂ ಓದಿದೆವು. ಎಲ್ಲವೂ ಚೆನ್ನಾಗಿತ್ತು ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ತಾಯಿ ತೀರಿಹೋದ ಮೇಲೆ ಬಾವಿಕಟ್ಟೆಯಲ್ಲಿ ಉಳಿದ ಹಗ್ಗದ ಬಗ್ಗೆ ಒಂದು ಕವನ ಇತ್ತು. ಮುಂದಿನ ಸಲ ಸ್ಲಿಪ್ ಕೊಟ್ಟಾಗ ಅವರು ಏನೂ ಕೇಳಲಿಲ್ಲ, ಕೇಳುವುದನ್ನು ಬಿಟ್ಟಿದ್ದರು. ನಾವೇ ಹೇಳಿದೆವು, ಆ ಹಗ್ಗದ ಕವನ ಓದಿದೆವು ಸಾರ್, ಮನೆಯಲ್ಲಿ ಅಮ್ಮನಿಗೂ ಓದಿ ಹೇಳಿದೆವು ಎಂದು. ಅವರು ಸುಮ್ಮನೆ ನಿಂತರು. ಆಮೇಲೆ ಪಾಸ್‌ಬುಕ್ ಕೌಂಟರಿನಲ್ಲೇ ಬಿಟ್ಟು ಹೋದರು, ಓಡಿಹೋಗಿ ಕೊಡಬೇಕಾಯಿತು.

ಲೆಕ್ಕ ಒಪ್ಪಿಸಬೇಕಲ್ಲ. ಎರಡು ವರ್ಷಕ್ಕೆ ಓದಿ ಮುಗಿಸಿದ್ದು 118. ಬಿಟ್ಟು, ಆಗುವವರಿಗೆ ಕೊಟ್ಟದ್ದು 61. ಹೊಸತು ಕೊಂಡದ್ದು 17. ಎರಡು ಓದಿದ ಮೇಲೆ ಒಂದು ಕೊಳ್ಳಬಹುದು ಎಂದು ನಿಯಮ, ನವೆಂಬರಿನಲ್ಲಿ ಒಬ್ಬರು ಅದನ್ನು ಮುರಿದರು, ಹೆಸರು ಬೇಡ. ಅಂತಿಮ ಶಿಲ್ಕು 125. ಹಂಚಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಪುಸ್ತಕವೂ ಇಲ್ಲ. ಇದೇನು ಸಾಧನೆ ಎಂದು ನೀವು ಕೇಳಿದರೆ ನಮ್ಮಲ್ಲಿ ಉತ್ತರ ಇಲ್ಲ. ಎರಡು ವರ್ಷದ ಹಿಂದಿನ ವೇಗ ಸೊನ್ನೆ ಇತ್ತು, ಅಷ್ಟು ಮಾತ್ರ ಹೇಳಬಹುದು.

'ಚಿರಸ್ಮರಣೆ'ಯನ್ನು ನಾವು ಎಂಟೂ ಜನ ಸೇರಿ ಓದಿದೆವು, ಈ ವರ್ಷದ ಜನವರಿಯಿಂದ. ನಿರಂಜನರು ಹುಡುಗನಾಗಿದ್ದಾಗ ನೀಲೇಶ್ವರದಲ್ಲಿ ಶಾಲೆಗೆ ಹೋದವರು, ಈ ನೆಲ ಕಂಡವರು. ಪುಸ್ತಕ ಬಂದದ್ದು 1955ರಲ್ಲಿ. ಚಿರುಕಂಡ, ಅಪ್ಪು ಎಂಬ ಆ ಹುಡುಗರು ನಮ್ಮ ನೆರೆಮನೆಯವರ ಹಾಗೆ ಆಗಿಬಿಟ್ಟರು. ಗೇಣಿಯ ಮಾತು ಬಂದಲ್ಲೆಲ್ಲ ನಾವು ಕ್ಲರ್ಕುಗಳಿಗೆ ಬಡ್ಡಿ ಲೆಕ್ಕ ಹಾಕುವ ಚಟ, ಟೀಚರ್ ಗದರಿಸಬೇಕಾಯಿತು. ಕೊನೆಯ ಭಾಗ ಮಾರ್ಚಿನ ಎರಡನೇ ಶನಿವಾರಕ್ಕೆ ಉಳಿಯಿತು. ಅವತ್ತಿಗೆ ನೀಲೇಶ್ವರದ ಚೇಟನನ್ನು ಕರೆದೆವು. ಕರೆಯುವ ಮೊದಲು ನಿಜ ಹೇಳಲೇಬೇಕಾಯಿತು: ಅವತ್ತು ನಾವು ಓದಿರಲಿಲ್ಲ, ಸುಳ್ಳು ಹೇಳಿದೆವು ಎಂದು. ಅವರು ಬುತ್ತಿಯ ಮುಚ್ಚಳ ಹಾಕುತ್ತಾ ನಕ್ಕರು. "ನನಗೆ ಅವತ್ತೇ ಗೊತ್ತಾಗಿತ್ತು. ಊಟ ಅರ್ಧ ಬಿಟ್ಟು ಕೈ ತೊಳೆಯಲು ಹೋಗುವವರು ಯಾರು?"

ಬಂದರು, ತಮ್ಮ ಹಳೆಯ ಮಲಯಾಳ ಪ್ರತಿ ಹಿಡಿದುಕೊಂಡು. ಒಂದು ಪುಟ ನಾವು ಕನ್ನಡದಲ್ಲಿ, ಅದೇ ಪುಟ ಅವರು ಮಲಯಾಳದಲ್ಲಿ. ಎರಡೂ ಭಾಷೆ ಸಲೀಸಾಗಿ ಓದಬಲ್ಲವಳು ನಮ್ಮಲ್ಲಿ ನರ್ಸಿಂಗ್ ಹುಡುಗಿ ಒಬ್ಬಳೇ ಎಂದು ಆಗ ಗೊತ್ತಾಯಿತು. ಎರಡು ಪುಸ್ತಕವನ್ನೂ ತೊಡೆಯ ಮೇಲಿಟ್ಟುಕೊಂಡು, ಇಲ್ಲಿ ಈ ಮಾತು ಬಿಟ್ಟಿದ್ದಾರೆ, ಇಲ್ಲಿ ಬೇರೆ ಶಬ್ದ ಹಾಕಿದ್ದಾರೆ ಎಂದು ಬೆರಳಿಟ್ಟು ತೋರಿಸಿದವಳು ಅವಳು. ಗಲ್ಲಿನ ಭಾಗಕ್ಕೆ ಬಂದಾಗ ಚೇಟ ಓದುವುದನ್ನು ನಿಲ್ಲಿಸಿ, "ನೀವೇ ಓದಿ, ನಾನು ಕೇಳುತ್ತೇನೆ" ಎಂದರು.

ಮುಂದಿನ ಸೇರುವಿಕೆ ಜುಲೈ ತಿಂಗಳ ಎರಡನೇ ಶನಿವಾರ, ಇದೇ ಕೋಣೆ, ಮೂರು ಗಂಟೆ. ಬರುವವರು ಹೊಸ ಪುಸ್ತಕ ಕೊಂಡು ತರಬೇಡಿ. ಮನೆಯಲ್ಲಿ ಹುಡುಕಿ, ಅಟ್ಟದಲ್ಲೂ ನೋಡಿ, ಇದ್ದದ್ದರಲ್ಲಿ ಒಂದನ್ನು ತನ್ನಿ. ಮನೆಯಲ್ಲಿ ಒಂದೂ ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ, ನಮ್ಮಲ್ಲಿ ಇನ್ನೂ 125 ಉಂಟು. ಕನ್ನಡ ಅಕ್ಷರ ನಿಧಾನ ಇರುವವರು ಮುಂದಿನ ಸಾಲಿನಲ್ಲಿ ಕೂರಬೇಕು, ಅಂಗಡಿಯವರು ಕರ್ಚೀಫ್ ತರುತ್ತಾರೆ. ಚಹಾ ನಮ್ಮದು.